ಮೊದಲು ಡೆಮೊ, ಆಮೇಲೆ ಟಿಕೆಟ್: ಹುಬ್ಬಳ್ಳಿ-ಧಾರವಾಡದಿಂದ ಗೇಮ್ ಸಮ್ಮೇಳನಕ್ಕೆ ಹೊರಟವರಿಗೆ

ಭಾಷಣಕ್ಕೆ ಒಪ್ಪಿಗೆಯ ಮೇಲ್ ಬಂದ ಕೂಡಲೇ ಕೈ ಹೋಗುವುದು ಟಿಕೆಟ್ ಬುಕ್ ಮಾಡುವ ಆಪ್‌ಗೆ. ಸ್ವಲ್ಪ ತಡೆಯಿರಿ. ರೈಲೋ, ಬಸ್ಸೋ, ವಿಮಾನವೋ ಎಂಬುದನ್ನು ದರ ನೋಡಿ ತೀರ್ಮಾನಿಸಬಾರದು, ವೇದಿಕೆಯ ಮೇಲೆ ನೀವು ಏನನ್ನು ಓಡಿಸಿ ತೋರಿಸುತ್ತೀರಿ ಎಂಬುದನ್ನು ನೋಡಿ ತೀರ್ಮಾನಿಸಬೇಕು. ಗೇಮಿಂಗ್ ಲ್ಯಾಪ್‌ಟಾಪನ್ನೂ ಅದರ ಇಟ್ಟಿಗೆಯಂಥ ಅಡಾಪ್ಟರನ್ನೂ ಹೊತ್ತವರ ಪ್ರಯಾಣ ಒಂದು ಬಗೆ, ಎರಡು ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡವರದು ಇನ್ನೊಂದು ಬಗೆ. ಒಬ್ಬರೋ ಇಬ್ಬರೋ ಸೇರಿ ಗೇಮ್ ಕಟ್ಟುವ ಕಡೆ ಬದಲಿ ಯಂತ್ರ ಇರುವುದಿಲ್ಲ. ಕೆಲಸದ ಲ್ಯಾಪ್‌ಟಾಪೇ ಡೆಮೊ ಲ್ಯಾಪ್‌ಟಾಪ್. ಅದು ದಾರಿಯಲ್ಲಿ ಕೆಟ್ಟರೆ ಭಾಷಣದ ಜೊತೆಗೆ ಮುಂದಿನ ತಿಂಗಳ ಕೆಲಸವೂ ನಿಲ್ಲುತ್ತದೆ. ಆದ್ದರಿಂದ ಈ ಹೋಲಿಕೆಯನ್ನು ವೇದಿಕೆಯಿಂದ ಶುರುಮಾಡಿ ಮನೆಯ ಕಡೆಗೆ ಬರೋಣ.

ಒಪ್ಪಿಗೆಗೆ ಉತ್ತರ ಬರೆಯುವಾಗಲೇ ಸಂಘಟಕರಿಂದ ಕೆಲವು ಮಾತು ಬರಹದಲ್ಲಿ ಪಡೆಯಿರಿ. ಪಾಸ್ ಮಾತ್ರವೋ, ಪ್ರಯಾಣ ಮತ್ತು ವಸತಿಯೂ ಅವರದೋ? ಪ್ರೊಜೆಕ್ಟರ್‌ನ ರೆಸಲ್ಯೂಶನ್ ಎಷ್ಟು? ವೇದಿಕೆಯ ಮೇಲೆ ನಿಮ್ಮದೇ ಲ್ಯಾಪ್‌ಟಾಪ್ ಜೋಡಿಸಬಹುದೋ, ಅವರ ಕಂಪ್ಯೂಟರನ್ನೇ ಬಳಸಬೇಕೋ? ಸ್ಯಾನ್ ಫ್ರಾನ್ಸಿಸ್ಕೋದ ಜಿಡಿಸಿಯಂಥ (ಗೇಮ್ ಡೆವಲಪರ್ಸ್ ಕಾನ್ಫರೆನ್ಸ್) ದೊಡ್ಡ ಸಮ್ಮೇಳನದಲ್ಲೂ ಭಾಷಣಕಾರರಿಗೆ ಸಾಮಾನ್ಯವಾಗಿ ಸಿಗುವುದು ಪಾಸ್, ವಿಮಾನ ಮತ್ತು ಹೋಟೆಲಿನ ಖರ್ಚು ಅವರವರದೇ. ಕೊನೆಯ ಪ್ರಶ್ನೆಗೆ ಬರುವ ಉತ್ತರವಂತೂ ಮುಂದಿನ ಅರ್ಧ ನಿರ್ಧಾರವನ್ನೇ ಮಾಡಿಬಿಡುತ್ತದೆ.

ಲೈವ್ ಆಟವೋ, ರೆಕಾರ್ಡ್ ಮಾಡಿದ್ದೋ

ಲೈವ್ ಡೆಮೊಗೆ ಒಂದು ಆಕರ್ಷಣೆಯಿದೆ, ಅದನ್ನು ಅಲ್ಲಗಳೆಯಲಾಗದು. ಸಭೆಯಲ್ಲಿ ಕೂತವರು "ಆ ಗೋಡೆಗೆ ಗುದ್ದಿದರೆ ಏನಾಗುತ್ತದೆ?" ಎಂದಾಗ ಗುದ್ದಿ ತೋರಿಸಬಹುದು. ಆದರೆ ಲೈವ್ ಕೈಕೊಡುವ ರೀತಿಗಳು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ ಇರುತ್ತವೆ. ಅವನ್ನು ಮೊದಲೇ ತಿಳಿದುಕೊಂಡರೆ ಬಹುಪಾಲು ತಪ್ಪಿಸಬಹುದು.

ಮೊದಲನೆಯದು ವಿದ್ಯುತ್. ಗೇಮಿಂಗ್ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಓಡುವಾಗ ಗ್ರಾಫಿಕ್ಸ್ ಚಿಪ್‌ಗೆ ಸಿಗುವ ವ್ಯಾಟ್ ತೀರಾ ಇಳಿಯುತ್ತದೆ. ಮನೆಯಲ್ಲಿ ಸೆಕೆಂಡಿಗೆ 60 ಫ್ರೇಮ್ ಕೊಡುತ್ತಿದ್ದ ಗೇಮ್ ವೇದಿಕೆಯ ಮೇಲೆ ತೆವಳುತ್ತದೆ. ಪೋಡಿಯಮ್ಮಿನ ಹತ್ತಿರ ಸಾಕೆಟ್ ಇಲ್ಲದಿರುವುದು ಅಪರೂಪವಲ್ಲ, ಆದ್ದರಿಂದ 5 ಮೀಟರ್ ಎಕ್ಸ್‌ಟೆನ್ಶನ್ ಬೋರ್ಡ್ ನಿಮ್ಮ ಚೀಲದಲ್ಲೇ ಇರಲಿ. ಎರಡನೆಯದು ಶೇಡರ್, ಅಂದರೆ ದೃಶ್ಯದ ಬಣ್ಣ-ಬೆಳಕನ್ನು ಪರದೆಗೆ ಬಿಡಿಸುವ ಸಣ್ಣ ಪ್ರೋಗ್ರಾಂ. ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಆದರೆ ಮೊದಲೇ ಸಿದ್ಧಮಾಡಿಟ್ಟ ಶೇಡರ್‌ಗಳ ಸಂಗ್ರಹ (ಶೇಡರ್ ಕ್ಯಾಶ್) ಸಾಮಾನ್ಯವಾಗಿ ರದ್ದಾಗುತ್ತದೆ. ಆಮೇಲೆ ಪ್ರತಿ ಹೊಸ ದೃಶ್ಯ, ಪ್ರತಿ ಸ್ಫೋಟ ಮೊದಲ ಸಲ ಕಾಣಿಸಿಕೊಳ್ಳುವಾಗ ಆಟ ಗಕ್ಕನೆ ನಿಲ್ಲುತ್ತದೆ. ಹೊರಡುವ ವಾರ ಡ್ರೈವರನ್ನೂ ವಿಂಡೋಸನ್ನೂ ಮುಟ್ಟಬೇಡಿ, ಅಪ್‌ಡೇಟನ್ನು ತಡೆಹಿಡಿದಿಡಿ, ತೋರಿಸಬೇಕಾದ ಭಾಗವನ್ನು ಆ ದಿನ ಬೆಳಗ್ಗೆ ಒಮ್ಮೆ ಪೂರ್ತಿ ಆಡಿಬಿಡಿ. ಮೂರನೆಯದು ಪರದೆ. ಲ್ಯಾಪ್‌ಟಾಪ್ 144 ಹರ್ಟ್ಸ್‌ನದು, ಸಭಾಂಗಣದ ಪ್ರೊಜೆಕ್ಟರ್ ಸಾಮಾನ್ಯವಾಗಿ 60ರದು. ಡುಪ್ಲಿಕೇಟ್ ಮೋಡ್‌ನಲ್ಲಿ ಎರಡೂ ಪರದೆ ಒಂದೇ ರೆಸಲ್ಯೂಶನ್ನಿಗೆ ಬರುತ್ತವೆ. 16:10ರ ಲ್ಯಾಪ್‌ಟಾಪಾದರೆ ಚಿತ್ರದ ಅಂಚಿಗೆ ಕಪ್ಪು ಪಟ್ಟಿ ಬರುತ್ತದೆ, ಇಲ್ಲವೇ ಚಿತ್ರ ಹಿಗ್ಗುತ್ತದೆ. ಎಚ್‌ಡಿಎಂಐ ಚುಚ್ಚಿದ ಕ್ಷಣವೇ ವಿಂಡೋಸ್ ಧ್ವನಿಯನ್ನು ಪ್ರೊಜೆಕ್ಟರಿಗೆ ಕಳಿಸಿಬಿಡುವುದೂ ಉಂಟು. ಆಗ ಲ್ಯಾಪ್‌ಟಾಪಿನ ಸ್ಪೀಕರ್ ಮೌನ, ಸಭಾಂಗಣವೂ ಮೌನ.

ಇನ್ನೊಂದನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಭಾಂಗಣದ ವಿಡಿಯೊ ಸ್ವಿಚರ್, ಸ್ಕೇಲರ್, ಪ್ರೊಜೆಕ್ಟರ್ ಮೂರನ್ನೂ ದಾಟುವಷ್ಟರಲ್ಲಿ ಚಿತ್ರ ಕೆಲವು ಫ್ರೇಮ್ ತಡವಾಗಿರುತ್ತದೆ. ತಾಳಕ್ಕೆ ತಕ್ಕಂತೆ ಒತ್ತುವ ಆಟ, ನಿಖರ ಜಿಗಿತದ ಪ್ಲಾಟ್‌ಫಾರ್ಮರ್, ಹೊಡೆದಾಟದ ಆಟ ಇವನ್ನು ದೊಡ್ಡ ಪರದೆ ನೋಡುತ್ತಾ ಆಡಲಾಗದು. ಲೈವ್ ಆಡಲೇಬೇಕಿದ್ದರೆ ಕಣ್ಣು ಲ್ಯಾಪ್‌ಟಾಪಿನ ಪರದೆಯ ಮೇಲಿರಲಿ. ಕಂಟ್ರೋಲರ್ ಬ್ಲೂಟೂತ್‌ನದು ಬೇಡ. ನೂರಾರು ಫೋನು ತುಂಬಿದ ಸಭಾಂಗಣದಲ್ಲಿ ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿ ಸಂತೆಯಂತಾಗಿರುತ್ತದೆ, ಗುಂಡಿ ಒತ್ತಿದ್ದು ಕೆಲವೊಮ್ಮೆ ತಲುಪುವುದೇ ಇಲ್ಲ. 2 ಮೀಟರ್ ಯುಎಸ್‌ಬಿ ವೈರಿನ ಕಂಟ್ರೋಲರ್ ಹಿಡಿಯಿರಿ.

ರೆಕಾರ್ಡ್ ಮಾಡಿದ ತುಣುಕಿಗೆ ಇವುಗಳಲ್ಲಿ ಹೆಚ್ಚಿನ ತೊಂದರೆಗಳಿಲ್ಲ. ಅದು ಅವರ ಕಂಪ್ಯೂಟರಿನಲ್ಲೂ ಓಡುತ್ತದೆ. ಒಬಿಎಸ್ ಸ್ಟುಡಿಯೊ ಎಂಬ ಉಚಿತ ರೆಕಾರ್ಡಿಂಗ್ ತಂತ್ರಾಂಶದಲ್ಲಿ 1920×1080, 60 ಫ್ರೇಮ್, ಎಚ್.264 ಇಟ್ಟು ರೆಕಾರ್ಡ್ ಮಾಡಿ. ಫೈಲನ್ನು ಎಂಕೆವಿಯಲ್ಲಿ ಉಳಿಸಿ, ಆಮೇಲೆ ಒಬಿಎಸ್ ಒಳಗೇ ಎಂಪಿ4ಕ್ಕೆ ರೀಮಕ್ಸ್ ಮಾಡಿ, ಅಂದರೆ ಗುಣಮಟ್ಟ ಕೆಡದಂತೆ ಫೈಲಿನ ಬಗೆಯನ್ನಷ್ಟೇ ಬದಲಿಸಿ. ಮಾಮೂಲಿ ಎಂಪಿ4ಕ್ಕೆ ನೇರವಾಗಿ ರೆಕಾರ್ಡ್ ಮಾಡುವಾಗ ನಡುವೆ ಕರೆಂಟ್ ಹೋದರೆ ಇಡೀ ಫೈಲೇ ಹಾಳು, ಎಂಕೆವಿ ಆದರೆ ಅಲ್ಲಿಯತನಕದ್ದು ಉಳಿಯುತ್ತದೆ. ಸೆಕೆಂಡಿಗೆ 20 ಮೆಗಾಬಿಟ್ ಲೆಕ್ಕದಲ್ಲಿ ಒಂದು ನಿಮಿಷಕ್ಕೆ 150 ಎಂಬಿ. 30 ಸೆಕೆಂಡಿನ ಆರು ತುಣುಕಿಗೆ 450 ಎಂಬಿ. ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್ ಮಾಡಿಟ್ಟುಕೊಳ್ಳಿ, ಫ್ಯಾಟ್32ರಲ್ಲಿ 4 ಜಿಬಿ ಮೀರಿದ ಒಂಟಿ ಫೈಲ್ ಕೂರುವುದಿಲ್ಲ. ಆಟದ ಹಿಡಿತದ ಬಗ್ಗೆ, ಅಂದರೆ ಜಿಗಿತ, ಹೊಡೆತ, ಕ್ಯಾಮೆರಾದ ನಡುಕ ಇವುಗಳ ಬಗ್ಗೆ ಮಾತಾಡುವವರಿಗೆ ರೆಕಾರ್ಡಿಂಗೇ ಹೆಚ್ಚು ಉಪಕಾರಿ. 60 ಫ್ರೇಮಿನ ತುಣುಕನ್ನು ಕಾಲು ವೇಗಕ್ಕೆ ಇಳಿಸಿ ತೋರಿಸಿದರೆ ಮೂರು ಫ್ರೇಮಿನ ಹಿಟ್-ಸ್ಟಾಪ್ (ಏಟು ಬಿದ್ದ ಕ್ಷಣ ಆಟ ಚೂರು ನಿಲ್ಲುವುದು) ಹಿಂದಿನ ಸಾಲಿನವರಿಗೂ ಕಾಣುತ್ತದೆ. ಲೈವ್‌ನಲ್ಲಿ ಅದು ಕಷ್ಟ.

ನಮ್ಮ ಶಿಫಾರಸು ಸ್ಪಷ್ಟ: ಭಾಷಣದ ವಾದ ನಿಲ್ಲಬೇಕಾದ್ದೆಲ್ಲ ರೆಕಾರ್ಡಿಂಗ್ ಮೇಲೆ ನಿಲ್ಲಲಿ. ಸಮಯ ಉಳಿದರೆ ಕೊನೆಯಲ್ಲಿ ಮೂರು ನಿಮಿಷ ಲೈವ್. ಅದಕ್ಕೂ ತೋರಿಸಬೇಕಾದ ಪ್ರತಿ ಜಾಗದಲ್ಲಿ ಒಂದೊಂದು ಸೇವ್ ಫೈಲ್ ಸಿದ್ಧವಿರಲಿ. ಗೇಮ್ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯ ಮೂಲಕ ಓಡುವುದಾದರೆ ಆಫ್‌ಲೈನ್ ಮೋಡನ್ನು ಮನೆಯಲ್ಲೇ, ಇಂಟರ್ನೆಟ್ ಇದ್ದಾಗಲೇ ಒಮ್ಮೆ ಪರೀಕ್ಷಿಸಿ.

ಕೈಯಲ್ಲಿ ಹಿಡಿದು ಗೇಮ್ ಆಡುವ ಸ್ಟೀಮ್ ಡೆಕ್ ಯಂತ್ರ ಇದ್ದವರಿಗೆ ಮೂರನೆಯ ದಾರಿಯೊಂದಿದೆ. ತೂಕ ಮುಕ್ಕಾಲು ಕಿಲೋಗೂ ಕಡಿಮೆ, 45 ವ್ಯಾಟ್ ಚಾರ್ಜರ್ ಸಾಕು, ಭಾಷಣ ಮುಗಿದ ಮೇಲೆ ಪಡಸಾಲೆಯಲ್ಲಿ ಸಿಕ್ಕವರ ಕೈಗೆ ಕೊಟ್ಟು ಆಡಿಸಬಹುದು. ಪಬ್ಲಿಷರ್‌ಗಳ ಜೊತೆ ಮಾತಾಡುವ ಉದ್ದೇಶವಿದ್ದರೆ ಈ ಒಂದು ಗುಣಕ್ಕಾಗಿಯೇ ಅದನ್ನು ಒಯ್ಯಬಹುದು. ಆದರೆ ಡಾಕ್‌ಗೆ ಹಾಕಿ ದೊಡ್ಡ ಪರದೆಗೆ ಜೋಡಿಸಿದರೂ ಗೇಮ್ ತನ್ನ ಸ್ವಂತ 1280×800ರಲ್ಲೇ ಉಳಿಯಬಹುದು. ಆ ಗೇಮಿನ ಪ್ರಾಪರ್ಟೀಸ್‌ನಲ್ಲಿ ರೆಸಲ್ಯೂಶನ್ ಬದಲಿಸದಿದ್ದರೆ ಅಕ್ಷರಗಳೆಲ್ಲ ಮಸುಕು. ಅದು ಲಿನಕ್ಸ್ ಯಂತ್ರ. ನಿಮ್ಮ ವಿಂಡೋಸ್ ಬಿಲ್ಡ್ ಪ್ರೋಟಾನ್ (ವಿಂಡೋಸ್ ಗೇಮನ್ನು ಲಿನಕ್ಸ್‌ನಲ್ಲಿ ಓಡಿಸುವ ತಂತ್ರಾಂಶ) ಮೇಲೆ ಓಡುತ್ತದೆಯೇ, ಕಟ್-ಸೀನ್ ವಿಡಿಯೊಗಳು ಕಾಣುತ್ತವೆಯೇ ಎಂಬುದನ್ನು ಎರಡು ವಾರ ಮೊದಲೇ ನೋಡಿಕೊಳ್ಳಿ.

ಮೊಬೈಲ್ ಗೇಮ್ ಮಾಡುವವರು ವೈರ್‌ಲೆಸ್ ಕಾಸ್ಟಿಂಗ್ ನಂಬಬೇಡಿ. ಸಾಧಾರಣ ಬೆಲೆಯ ಹೆಚ್ಚಿನ ಆಂಡ್ರಾಯ್ಡ್ ಫೋನುಗಳ ಟೈಪ್-ಸಿ ಕಿಂಡಿಯಿಂದ ವಿಡಿಯೊ ಹೊರಬರುವುದಿಲ್ಲ, ಅಡಾಪ್ಟರ್ ಕೊಂಡರೂ ವ್ಯರ್ಥ. ಯುಎಸ್‌ಬಿ ವೈರಿನಲ್ಲಿ ಲ್ಯಾಪ್‌ಟಾಪಿಗೆ ಜೋಡಿಸಿ ಎಸ್‌ಸಿಆರ್‌ಸಿಪಿವೈ (scrcpy) ಎಂಬ ಉಚಿತ ತಂತ್ರಾಂಶದಿಂದ ಪರದೆ ತೋರಿಸುವುದೇ ಭದ್ರ. ಆಂಡ್ರಾಯ್ಡ್ 11 ಅಥವಾ ಅದರ ನಂತರದ ಫೋನಾದರೆ ಧ್ವನಿಯೂ ಬರುತ್ತದೆ. ಡೆವಲಪರ್ ಆಯ್ಕೆಗಳಲ್ಲಿ 'ಶೋ ಟ್ಯಾಪ್ಸ್' ಹಚ್ಚಿದರೆ ಬೆರಳು ಎಲ್ಲಿ ಬಿತ್ತೆಂದು ಸಭೆಗೆ ಕಾಣುತ್ತದೆ. ಫೋನು ಏರೋಪ್ಲೇನ್ ಮೋಡ್‌ನಲ್ಲಿರಲಿ.

ಸ್ಲೈಡಿನಲ್ಲಿ ಕನ್ನಡ

ಗೇಮಿನಲ್ಲಿ ಕನ್ನಡ ಇದ್ದರೆ ಅದನ್ನು ತೋರಿಸಲೇಬೇಕು, ಬೇರೆ ಕಡೆಯವರಿಗೆ ಅದೇ ಹೊಸತು. ಆದರೆ ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಿಸಿದ್ದು ಅವರ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ರಾಶಿಯಾಗುತ್ತದೆ. ಯೂನಿಕೋಡಿನಲ್ಲಿ ಟೈಪಿಸಿ, ನೋಟೊ ಸಾನ್ಸ್ ಕನ್ನಡದಂಥ ಮುಕ್ತ ಫಾಂಟ್ ಬಳಸಿ, ಪಿಡಿಎಫ್ ಪ್ರತಿಯೊಂದನ್ನು ಜೊತೆಗಿಡಿ. ಪಿಡಿಎಫ್‌ನಲ್ಲಿ ಫಾಂಟ್ ಒಳಗೇ ಸೇರಿರುತ್ತದೆ, ಆದರೆ ವಿಡಿಯೊ ಓಡುವುದಿಲ್ಲ. ತುಣುಕುಗಳ ಫೈಲಿಗೆ 01, 02 ಎಂದು ಹೆಸರಿಟ್ಟು ಬೇರೆ ಫೋಲ್ಡರಿನಲ್ಲಿ ಇಡುವುದು ಇದಕ್ಕಾಗಿ. ಗೇಮ್ ಕಟ್ಟುವ ಇಂಜಿನ್ ಒಳಗಿನ ಮಾತು ಬೇರೆ: ಗೊಡೊ 4ರಲ್ಲಿ ಅಕ್ಷರ ಜೋಡಣೆಗೆ ಹಾರ್ಫ್‌ಬಝ್ ಎಂಬ ತಂತ್ರಾಂಶ ಇರುವುದರಿಂದ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ. ಯೂನಿಟಿಯ ಟೆಕ್ಸ್ಟ್‌ಮೆಶ್ ಪ್ರೊನಲ್ಲಿ ಅವು ಒಡೆದು ಕಾಣುವುದು ಎಲ್ಲರಿಗೂ ಗೊತ್ತಿರುವ ಕಿರಿಕಿರಿ. ಲೈವ್ ತೋರಿಸುವ ಮೊದಲು ಪ್ರತಿ ಸಂಭಾಷಣೆಯನ್ನೂ ಓದಿ ನೋಡಿ.

ಬೆಂಗಳೂರಿಗೆ: ಮೂರು ದಾರಿ, ಮೂರು ಊರು

ಈಗ ಟಿಕೆಟ್. ಬೆಂಗಳೂರಿನ ಸಮ್ಮೇಳನಕ್ಕೆ, ಲ್ಯಾಪ್‌ಟಾಪ್ ಹೊತ್ತವರಿಗೆ, ಹಗಲಿನ ರೈಲೇ ಉತ್ತಮ ಎಂದು ನಮ್ಮ ಅಭಿಪ್ರಾಯ. ಹುಬ್ಬಳ್ಳಿಯಿಂದ ವಂದೇ ಭಾರತ್‌ನಲ್ಲಿ ಸುಮಾರು ಆರೂಕಾಲು ಗಂಟೆ. ಬೆಳಗಾವಿಯಿಂದ ಬರುವುದು ಬೆಳಗ್ಗೆ, ಧಾರವಾಡದಿಂದ ಹೊರಡುವುದು ಮಧ್ಯಾಹ್ನ. ಎರಡಕ್ಕೂ ವಾರದಲ್ಲಿ ಒಂದು ದಿನ ಬಿಡುವು ಇರುವುದರಿಂದ ಬುಕ್ ಮಾಡುವಾಗ ವಾರ ನೋಡಿಕೊಳ್ಳಿ. ತೂಕದ ತಗಾದೆಯಿಲ್ಲ, ಚೀಲ ಕಣ್ಣೆದುರೇ ಇರುತ್ತದೆ, ಕೂತಲ್ಲೇ ಭಾಷಣವನ್ನು ಎರಡು ಸಲ ಮನಸ್ಸಿನಲ್ಲಿ ಹೇಳಿಕೊಳ್ಳಲು ಹೊತ್ತು ಸಿಗುತ್ತದೆ. ಸೀಟಿನ ಸಾಕೆಟ್ಟಿಗೆ 200 ವ್ಯಾಟ್ ಮೀರಿದ ಗೇಮಿಂಗ್ ಅಡಾಪ್ಟರ್ ಚುಚ್ಚಬೇಡಿ, ಅದು ಅಷ್ಟು ಭಾರಕ್ಕೆ ಮಾಡಿದ್ದಲ್ಲ. ಲ್ಯಾಪ್‌ಟಾಪ್ ಟೈಪ್-ಸಿಯಲ್ಲಿ ಚಾರ್ಜ್ ಆಗುವಂಥದ್ದಾದರೆ 65 ವ್ಯಾಟಿನ ಸಣ್ಣ ಚಾರ್ಜರ್ ದಾರಿಗೆ ಸಾಕು.

ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಂಥ ರಾತ್ರಿ ರೈಲು ಒಂದು ಹಗಲನ್ನು ಉಳಿಸುತ್ತದೆ, ದರವೂ ಕಡಿಮೆ. ಆದರೆ ಬೆಳಗ್ಗೆ ಇಳಿದು ಅದೇ ದಿನ ಹತ್ತು ಗಂಟೆಗೆ ಮಾತಾಡುವ ಲೆಕ್ಕ ಹಾಕಬೇಡಿ. ರೈಲು ಎರಡು ಗಂಟೆ ತಡವಾದರೆ ಮೊದಲು ಕೈಬಿಟ್ಟುಹೋಗುವುದು ಸಭಾಂಗಣದಲ್ಲಿನ ಪರೀಕ್ಷೆ, ಅದಿಲ್ಲದೆ ಲೈವ್ ಡೆಮೊಗೆ ಕೈಹಾಕುವುದು ದುಡುಕು. ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ಬೋಗಿಯ ಚಾರ್ಜಿಂಗ್ ಸಾಕೆಟ್ ಬಂದ್ ಮಾಡುವುದೂ ಉಂಟು, ಮನೆಯಿಂದಲೇ ಪೂರ್ತಿ ಚಾರ್ಜ್ ಮಾಡಿಕೊಂಡು ಹತ್ತಿ.

ಬಸ್ಸಿಗೆ ಒಂದು ಸಂದರ್ಭದಲ್ಲಿ ಮಾತ್ರ ಮೇಲುಗೈ: ಸಮ್ಮೇಳನ ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿದ್ದಾಗ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹುಬ್ಬಳ್ಳಿಯಿಂದ ಬರುವ ಬಸ್ಸು ಅದರ ಮುಂದೆಯೇ ಹಾಯ್ದು ಊರೊಳಗೆ ಹೋಗುತ್ತದೆ. ಮಾದಾವರ ಮೆಟ್ರೊ ನಿಲ್ದಾಣವೂ ಪಕ್ಕದಲ್ಲೇ ಇರುವುದರಿಂದ ಆ ಬದಿಗೆ ಕೋಣೆ ಹಿಡಿದವರಿಗೆ ಅನುಕೂಲ. ಸ್ಲೀಪರ್ ಬಸ್ಸಿನಲ್ಲಿ ಲ್ಯಾಪ್‌ಟಾಪ್ ಚೀಲ ಡಿಕ್ಕಿಗೆ ಹೋಗಕೂಡದು. ಡಿಕ್ಕಿಯಲ್ಲಿ ಮೇಲೆ ಬೀಳುವ ಟ್ರಂಕಿನ ಭಾರಕ್ಕೆ ಪರದೆ ಸೀಳುತ್ತದೆ. ತಲೆದೆಸೆಯ ಬದಿಗೆ, ಗೋಡೆಗೆ ಆನಿಸಿ ಇಟ್ಟುಕೊಳ್ಳಿ.

ವಿಮಾನ ಕಾಗದದ ಮೇಲೆ ಒಂದು-ಒಂದೂಕಾಲು ಗಂಟೆ, ನಿಜದಲ್ಲಿ ಅಷ್ಟಲ್ಲ. ಗೋಕುಲ ರಸ್ತೆಯ ನಿಲ್ದಾಣಕ್ಕೆ ಒಂದೂವರೆ ಗಂಟೆ ಮೊದಲು ಹೋಗಬೇಕು, ದೇವನಹಳ್ಳಿಯಲ್ಲಿ ಇಳಿದು ಹೊರಬರಲು ಅರ್ಧ ಗಂಟೆ, ಅಲ್ಲಿಂದ ಊರಿನ ನಡುವಿಗೆ ಸುಮಾರು 35 ಕಿಲೋಮೀಟರ್. ಹುಬ್ಬಳ್ಳಿಯವರಿಗೆ ಮನೆಯಿಂದ ಹೋಟೆಲಿಗೆ ಐದು ಗಂಟೆಯಾದರೆ ಚೊಲೊ ಆಯಿತೆನ್ನಬೇಕು. ಧಾರವಾಡದವರು ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯ ಹೊಸೂರಿನ ತನಕ ಬಂದು ಆಟೋ ಹಿಡಿಯಬಹುದು, ಅದಕ್ಕೊಂದು ಗಂಟೆ ಕೂಡಿಸಿ. ಹಾವೇರಿಯವರಿಗಂತೂ ವಿಮಾನ ಹಿಮ್ಮುಖ ದಾರಿ. 75 ಕಿಲೋಮೀಟರ್ ಉತ್ತರಕ್ಕೆ ಬಂದು ಮತ್ತೆ ದಕ್ಷಿಣಕ್ಕೆ ಹಾರುವುದಕ್ಕಿಂತ ಹಾವೇರಿಯಲ್ಲೇ ನಿಲ್ಲುವ ಬೆಳಗಾವಿ ವಂದೇ ಭಾರತ್ ಹತ್ತಿದರೆ ಐದೂಕಾಲು ಗಂಟೆಯಲ್ಲಿ ಬೆಂಗಳೂರು. ಗದಗಿನವರು ಹುಬ್ಬಳ್ಳಿಗೆ ಬಂದು ರೈಲು ಬದಲಿಸಬಹುದು, ಇಲ್ಲವೇ ಸಂಜೆಯ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಗದಗಿನಿಂದಲೇ ಮಲಗಿಕೊಂಡು ಹೋಗಬಹುದು. ಹೊಸಪೇಟೆ, ಬಳ್ಳಾರಿ ಸುತ್ತಿ ಹೋಗುವುದರಿಂದ ದೂರ ಹೆಚ್ಚು, ಆದರೆ ಚೀಲವನ್ನು ಒಂದೇ ಸಲ ಏರಿಸಿ ಒಂದೇ ಸಲ ಇಳಿಸುವುದು ಭಾರ ಹೊತ್ತವರಿಗೆ ಸಣ್ಣ ಲಾಭವಲ್ಲ.

ವಿಮಾನವೇ ಎಂದು ನಿರ್ಧರಿಸಿದರೆ ತೂಕದ ಲೆಕ್ಕ ಹೀಗೆ. ದೇಶದೊಳಗೆ ಕೈಚೀಲಕ್ಕೆ ಸಾಮಾನ್ಯ ಮಿತಿ 7 ಕಿಲೋ. ಲ್ಯಾಪ್‌ಟಾಪ್ 2.5, ಅಡಾಪ್ಟರ್ 0.9, ಡೆಕ್, ಡಾಕ್, ಅವುಗಳ ಚಾರ್ಜರ್ ಮತ್ತು ಕೇಸ್ ಸೇರಿ ಒಂದೂಕಾಲು, ಕೇಬಲ್-ಕಂಟ್ರೋಲರ್ ಮುಕ್ಕಾಲು, ಖಾಲಿ ಬೆನ್ನುಚೀಲವೇ ಒಂದೂಕಾಲು: ಆರೂವರೆ ದಾಟಿಯೇ ಹೋಯಿತು. ಬಟ್ಟೆ, ಎಕ್ಸ್‌ಟೆನ್ಶನ್ ಬೋರ್ಡ್, ಪೇಢೆ ಎಲ್ಲ ಚೆಕ್-ಇನ್ ಚೀಲಕ್ಕೆ. ಹುಬ್ಬಳ್ಳಿಗೆ ಬರುವ ಎಟಿಆರ್ ಎಂಬ ಸಣ್ಣ ವಿಮಾನದ ತಲೆಮೇಲಿನ ಗೂಡು ಸಣ್ಣದು. ಗಟ್ಟಿ ಟ್ರಾಲಿಯನ್ನು ವಿಮಾನದ ಬಾಗಿಲಲ್ಲೇ ತೆಗೆದುಕೊಂಡು ಹೊಟ್ಟೆಗೆ ಹಾಕುತ್ತಾರೆ. ಅದರೊಳಗೆ ಪವರ್ ಬ್ಯಾಂಕ್ ಇದ್ದರೆ ಅಲ್ಲೇ ಬಿಚ್ಚಿ ತೆಗೆಯಬೇಕಾಗುತ್ತದೆ. ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಯಾವಾಗಲೂ ಕೈಚೀಲದಲ್ಲೇ. ಮಿತಿಯನ್ನು ಅಳೆಯುವುದು ವ್ಯಾಟ್-ಅವರ್‌ನಲ್ಲಿ: ಎಂಎಎಚ್ ಅನ್ನು 3.7ರಿಂದ ಗುಣಿಸಿ 1000ದಿಂದ ಭಾಗಿಸಿ. 20,000ದ್ದು 74, ಚಿಂತೆಯಿಲ್ಲ. 30,000ದ್ದು 111, ಅಂದರೆ 100ರ ಗೆರೆ ದಾಟಿತು, ಏರ್‌ಲೈನಿನ ಅನುಮತಿ ಬೇಕು. ಅಂಕಿ ಅಳಿಸಿಹೋದ ಹಳೆಯ ಪವರ್ ಬ್ಯಾಂಕನ್ನು ಮನೆಯಲ್ಲೇ ಬಿಡಿ.

ಹೈದರಾಬಾದ್, ಚೆನ್ನೈ

ದೇಶದ ದೊಡ್ಡ ಸಮ್ಮೇಳನವಾದ ಐಜಿಡಿಸಿ (ಇಂಡಿಯಾ ಗೇಮ್ ಡೆವಲಪರ್ ಕಾನ್ಫರೆನ್ಸ್) ಹಲವು ವರ್ಷ ಹೈದರಾಬಾದಿನಲ್ಲಿ ನಡೆದು 2025ರಲ್ಲಿ ಚೆನ್ನೈಗೆ ಹೋಯಿತು. ಹೋದ ವರ್ಷದ ಊರನ್ನು ನಂಬಿ ಕೋಣೆ ಬುಕ್ ಮಾಡಬೇಡಿ. ಹೈದರಾಬಾದಿಗೆ ನಮ್ಮ ಲೆಕ್ಕ ತಿರುಗುತ್ತದೆ: ರೈಲಿನಲ್ಲಿ ಒಂದು ಇಡೀ ರಾತ್ರಿ ಬೇಕು, ಆದ್ದರಿಂದ ನೇರ ವಿಮಾನವಿರುವ ದಿನ ದರ ಹೊಂದಿದರೆ ವಿಮಾನವೇ ಸರಿ. ಗದಗಿನವರಿಗೆ ಮಾತ್ರ ರೈಲು ಮನೆಬಾಗಿಲಿಗೇ ಬಂದಂತೆ. ಸಮ್ಮೇಳನ ಹೈದರಾಬಾದಿನ ಎಚ್‌ಐಸಿಸಿ ಸಮ್ಮೇಳನ ಕೇಂದ್ರದಲ್ಲಿದ್ದರೆ ನಿಮ್ಮ ರೈಲು ಲಿಂಗಂಪಲ್ಲಿಯಲ್ಲಿ ನಿಲ್ಲುತ್ತದೆಯೇ ನೋಡಿ, ಸಿಕಂದರಾಬಾದಿನ ತನಕ ಹೋಗಿ ಮರಳಿ ಬರುವ ಸುತ್ತು ತಪ್ಪುತ್ತದೆ. ಚೆನ್ನೈಗೆ ಬೆಂಗಳೂರಿನಲ್ಲಿ ಒಂದು ರಾತ್ರಿ ತಂಗಿ ಹೋಗುವುದೇ ನೆಮ್ಮದಿ.

ವಿದೇಶವಾದರೆ

ಇಲ್ಲಿ ಹೋಲಿಕೆ ಊರುಗಳ ನಡುವೆ ಅಲ್ಲ, ವೀಸಾಗಳ ನಡುವೆ. ಜಿಡಿಸಿ ಮಾರ್ಚ್‌ನಲ್ಲಿ, ಅಮೆರಿಕದ ಬಿ1 ವೀಸಾಕ್ಕೆ ಸಂದರ್ಶನ ಬೇಕು. ನಮ್ಮ ಕಡೆಯವರಿಗೆ ಮುಂಬೈ, ಹೈದರಾಬಾದ್ ಕಾನ್ಸುಲೇಟುಗಳು ಹತ್ತಿರ. ಸಂದರ್ಶನದ ದಿನಾಂಕ ತಿಂಗಳುಗಟ್ಟಲೆ ಮುಂದೆ ಸಿಗುವುದುಂಟು, ಆದ್ದರಿಂದ ಪ್ರಸ್ತಾವ ಕಳಿಸಿದಾಗಲೇ ಆ ಕೆಲಸ ಶುರುವಾಗಬೇಕು. ಜರ್ಮನಿಯ ಕಲೋನ್‌ನ ಗೇಮ್ಸ್‌ಕಾಮ್ ಮೇಳ ಆಗಸ್ಟ್‌ನಲ್ಲಿ. ಅದಕ್ಕೆ ಷೆಂಗೆನ್ ವೀಸಾ, ಬೆರಳಚ್ಚು ಕೊಡುವುದು ಬೆಂಗಳೂರಿನಲ್ಲಿ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಶುಲ್ಕ 90 ಯೂರೋ, ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಮೊದಲ ಸಲ ಹೋಗುವ ಒಂಟಿ ಡೆವಲಪರ್‌ಗೆ ದಿನಾಂಕ ಹೊಂದಿಸುವುದು ಜರ್ಮನಿಯದೇ ಸುಲಭ.

ಹೆಸರಿನ ವಿಷಯದಲ್ಲಿ ನಮ್ಮವರು ಮೇಲಿಂದ ಮೇಲೆ ಸಿಕ್ಕಿಹಾಕಿಕೊಳ್ಳುತ್ತಾರೆ. ಆಧಾರ್‌ನಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ತಂದೆಯ ಹೆಸರು ಬಿಡಿಸಿದ್ದು, ಗೇಮಿನ ಕ್ರೆಡಿಟ್‌ನಲ್ಲಿ ಊರಿನ ಅಡ್ಡಹೆಸರು, ಹೀಗೆ ಮೂರು ಕಡೆ ಮೂರು ಬಗೆ. ಆಹ್ವಾನ ಪತ್ರ, ಟಿಕೆಟ್, ವಿಮೆ ಎಲ್ಲದರಲ್ಲೂ ಪಾಸ್‌ಪೋರ್ಟ್‌ನಲ್ಲಿರುವ ಹೆಸರೇ ಅಕ್ಷರಶಃ ಇರಬೇಕು ಎಂದು ಸಂಘಟಕರಿಗೆ ಮೊದಲ ಮೇಲ್‌ನಲ್ಲೇ ಬರೆಯಿರಿ. ಪಾಸ್‌ಪೋರ್ಟ್ ತಿದ್ದಬೇಕಿದ್ದರೆ ಹುಬ್ಬಳ್ಳಿಯಲ್ಲೇ ಸೇವಾ ಕೇಂದ್ರವಿದೆ.

ಹುಬ್ಬಳ್ಳಿಯ ವಿಮಾನ ಮತ್ತು ಅಂತರರಾಷ್ಟ್ರೀಯ ವಿಮಾನ ಬೇರೆ ಬೇರೆ ಪಿಎನ್‌ಆರ್‌ನಲ್ಲಿದ್ದರೆ ಮೊದಲನೆಯದು ತಡವಾದಾಗ ಎರಡನೆಯದರ ಹೊಣೆ ಯಾರೂ ಹೊರುವುದಿಲ್ಲ. ಒಂದೇ ಪಿಎನ್‌ಆರ್ ಸಿಗದಿದ್ದರೆ ಹಿಂದಿನ ದಿನವೇ ರೈಲಿನಲ್ಲಿ ಬೆಂಗಳೂರು ಸೇರಿ. ಒಂದಕ್ಕಿಂತ ಹೆಚ್ಚು ಲ್ಯಾಪ್‌ಟಾಪ್, ಡೆಕ್, ಕ್ಯಾಮೆರಾ ಒಯ್ಯುವವರು ಹೊರಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಸೀರಿಯಲ್ ನಂಬರ್ ಬರೆಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಪಡೆಯಿರಿ, ಮರಳುವಾಗ ಹೊಸದಾಗಿ ಕೊಂಡದ್ದೆಂಬ ಅನುಮಾನಕ್ಕೆ ಎಡೆಯಿರುವುದಿಲ್ಲ.

ಹೊರಡುವ ಮುಂಚಿನ ಪರೀಕ್ಷೆ

ಮನೆಯ ಟಿವಿಗೆ ಜೋಡಿಸಿ ನೋಡುವುದು ಸಾಲದು. ಹಳೆಯ ಪ್ರೊಜೆಕ್ಟರ್ ಇರುವ ಕೋಣೆಯಲ್ಲಿ ಒಮ್ಮೆ ಪೂರ್ತಿ ಭಾಷಣ ಮಾಡಿ. ವಿದ್ಯಾನಗರದ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವೋ ಧಾರವಾಡದ ಐಐಐಟಿಯೋ, ಪರಿಚಯದ ವಿದ್ಯಾರ್ಥಿಗಳಿದ್ದರೆ ಅವರ ಕ್ಲಬ್ಬಿನ ಮೂಲಕ ಕೇಳಿ. ಗೇಮ್ ಬಗ್ಗೆ ಆಸಕ್ತಿಯಿರುವ ಇಪ್ಪತ್ತು ಹುಡುಗ-ಹುಡುಗಿಯರ ಎದುರು ಮಾಡಿದ ಅಭ್ಯಾಸಕ್ಕೆ ಸಮನಾದದ್ದು ಬೇರಿಲ್ಲ. ಮಸುಕಾದ ಪ್ರೊಜೆಕ್ಟರಿನಲ್ಲಿ ಗುಹೆ, ರಾತ್ರಿಯಂಥ ಕತ್ತಲೆಯ ದೃಶ್ಯಗಳು ಬರಿಯ ಬೂದಿಬಣ್ಣವಾಗುತ್ತವೆ. ಅಂಥ ತುಣುಕುಗಳ ಗಾಮಾ ಸ್ವಲ್ಪ ಏರಿಸಿ ಮತ್ತೆ ರೆಕಾರ್ಡ್ ಮಾಡಬೇಕೆಂದು ಗೊತ್ತಾಗುವುದು ಅಲ್ಲೇ.

ಸಮ್ಮೇಳನದ ಊರಿಗೆ ಹಿಂದಿನ ಸಂಜೆ ತಲುಪಿದ ಮೇಲೆ ಸಭಾಂಗಣದ ತಂತ್ರಜ್ಞರಿಂದ 15 ನಿಮಿಷ ಕೇಳಿ ಪಡೆಯಿರಿ. ನಿಮ್ಮ ಎಚ್‌ಡಿಎಂಐ ಕೇಬಲ್, ಟೈಪ್-ಸಿಯಿಂದ ಎಚ್‌ಡಿಎಂಐ ಅಡಾಪ್ಟರ್ ಎರಡನ್ನೂ ಹಚ್ಚಿ ನೋಡಿ, ಧ್ವನಿಯ ತುಣುಕೊಂದನ್ನು ಓಡಿಸಿ, ಕೊನೆಯ ಸಾಲಿಗೆ ನಡೆದುಹೋಗಿ ಸಬ್‌ಟೈಟಲ್ ಓದಲಾಗುತ್ತದೆಯೇ ನೋಡಿ. ಚಿತ್ರ ಬಾರದಿದ್ದರೆ ಲ್ಯಾಪ್‌ಟಾಪಿನ ರಿಫ್ರೆಶ್ ರೇಟ್ 60ಕ್ಕೆ ಇಳಿಸಿ, ಆಗಲೂ ಬಾರದಿದ್ದರೆ 1280×720. ಅದಕ್ಕೂ ಜಗ್ಗದಿದ್ದರೆ ಪೆನ್‌ಡ್ರೈವನ್ನು ಅವರ ಕಂಪ್ಯೂಟರಿಗೆ ಹಾಕಿ, 01ರಿಂದ ಶುರುಮಾಡಿ.